ಉಂಗುರ ಬೆರಳಿನ ಸೊನ್ನೆ

ಭಾಂಡುಪ್‌ನ ನಮ್ಮ ಮನೆಯಲ್ಲಿ ಮುಂದಿನ ಕೋಣೆ ನಮ್ಮದಾಗಿರಲಿಲ್ಲ, ಅದು ಎರಡು ಟೈಪ್‌ರೈಟರುಗಳದ್ದಾಗಿತ್ತು. ಅಪ್ಪ, ಅಮ್ಮ, ನಾನು ಮೂವರೂ ಹಿಂದಿನ ಕೋಣೆಯಲ್ಲೂ ಅಡುಗೆಮನೆಯಲ್ಲೂ ಹೇಗೋ ಹೊಂದಿಕೊಂಡಿದ್ದೆವು. ಊರಿನಿಂದ ನೆಂಟರು ಬಂದರೆ ಚಾಪೆ ಹಾಸಲು ಜಾಗ ಹುಡುಕಬೇಕಿತ್ತು. ಆದರೂ ಟೈಪ್‌ರೈಟರುಗಳಿದ್ದ ಮೇಜನ್ನು ಒಂದು ದಿನದ ಮಟ್ಟಿಗಾದರೂ ಆಚೆ ಸರಿಸೋಣ ಎನ್ನುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ನನಗಿತ್ತು, ಆದರೆ ನನ್ನ ಮಾತನ್ನು ಯಾರು ಕೇಳುತ್ತಿದ್ದರು.

ಅಪ್ಪ ಮೈಸೂರಿನ ಕಡೆಯಿಂದ ಸ್ಟೆನೋ ಆಗಿ ಮುಂಬಯಿಗೆ ಬಂದವರು. ಫೋರ್ಟ್‌ನಲ್ಲಿದ್ದ ಅವರ ಆಫೀಸು ಬಾಗಿಲು ಹಾಕಿದಾಗ ಹಳೇ ಸಾಮಾನನ್ನೆಲ್ಲ ಹರಾಜಿಗಿಟ್ಟರು. ಜೊತೆಯವರು ಫ್ಯಾನು, ಬೀರು, ಗೋಡೆ ಗಡಿಯಾರ ಎಂದು ಹಿಡಿದುಕೊಂಡು ಹೋದರು. ಅಪ್ಪ ಮಾತ್ರ ತಾವು ವರ್ಷಗಟ್ಟಲೆ ಬಡಿದಿದ್ದ ಎರಡು ಮುದಿ ಟೈಪ್‌ರೈಟರುಗಳನ್ನು ಟ್ಯಾಕ್ಸಿಗೆ ಹಾಕಿಕೊಂಡು ಬಂದರು. ಇಳಿದಾಗ ಅವರ ಮುಖದಲ್ಲಿ ಕೆಲಸ ಹೋದವರ ಕಳೆಯೇ ಇರಲಿಲ್ಲ. ಸ್ವಲ್ಪ ದಿನದಲ್ಲೇ ಮುಂದಿನ ಕೋಣೆಯಲ್ಲಿ ಟೈಪಿಂಗ್ ಕ್ಲಾಸು ಶುರುವಾಯಿತು.

ಬಿಲ್ಡಿಂಗಿನ ಹಿಂದೆ ಒಂದೊಂದೇ ಕೋಣೆಯ ಮನೆಗಳ ಚಾಳುಗಳ ಸಾಲಿತ್ತು. ಕಲಿಯಲು ಬರುತ್ತಿದ್ದವರು ಹೆಚ್ಚಾಗಿ ಅಲ್ಲಿನ ಹೆಣ್ಣುಮಕ್ಕಳು, ಹತ್ತನೆಯ ಕ್ಲಾಸು ಮುಗಿಸಿ ವಿಕ್ರೋಳಿ, ಘಾಟ್ಕೋಪರ್ ಕಡೆ ಎಲ್ಲಾದರೂ ಆಫೀಸು ಸೇರುವ ಆಸೆಯವರು. ಅಪ್ಪ ಅವರಿಗೆ ಕನ್ನಡ, ಮರಾಠಿ, ಹಿಂದಿ ಮೂರನ್ನೂ ಕಲಸಿ ಪಾಠ ಹೇಳುತ್ತಿದ್ದರು. ಕೀಲಿಗಳನ್ನು ನೋಡಿಕೊಂಡು ಬಡಿಯಬಾರದೆಂದು ಅವರ ಕೈಗಳ ಮೇಲೆ ತಮ್ಮ ದೊಡ್ಡ ಕರವಸ್ತ್ರ ಹೊದಿಸುತ್ತಿದ್ದರು. ಪ್ರತಿ ಪದ ಹೊಡೆದ ಮೇಲೂ ಬೆರಳು ನಡುವಿನ ಸಾಲಿಗೆ, ತಾನಿದ್ದ ಜಾಗಕ್ಕೆ ಹಿಂತಿರುಗಬೇಕು. ಅದಕ್ಕೆ ಅಪ್ಪನ ಮಾತು ಒಂದೇ, "ಬೆರಳು ಮನೆಗೆ." ಬೈಯುವುದಿದ್ದರೂ ಅದೇ ಮಾತು, ಹೊಗಳುವುದಿದ್ದರೂ ಅದೇ. ಯಾವುದು ಯಾವುದೆಂದು ದನಿಯಲ್ಲಿ ತಿಳಿದುಕೊಳ್ಳಬೇಕಿತ್ತು.

ಆ ಎರಡೂ ಮಷೀನುಗಳಲ್ಲಿ ಸೊನ್ನೆ ಮತ್ತು ಒಂದರ ಕೀಲಿಗಳು ಇರಲಿಲ್ಲ. ಅಂಕಿಗಳ ಸಾಲು ಎರಡರಿಂದ ಶುರುವಾಗಿ ಒಂಬತ್ತಕ್ಕೆ ಮುಗಿಯುತ್ತಿತ್ತು. ಕಿತ್ತುಹೋದದ್ದಲ್ಲ, ಮಾಡಿದವರೇ ಇಟ್ಟಿರಲಿಲ್ಲ. ಒಂದು ಬೇಕಾದರೆ ಇಂಗ್ಲಿಷಿನ ಸಣ್ಣ ಎಲ್ ಹೊಡೆಯಬೇಕು, ಸೊನ್ನೆ ಬೇಕಾದರೆ ದೊಡ್ಡ ಓ. ಕಾಗದದ ಮೇಲೆ ನೋಡಿದವರಿಗೆ ಏನೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಎಲ್ ಹೊಡೆಯುವುದೂ ಓ ಹೊಡೆಯುವುದೂ ಬಲಗೈಯ ಉಂಗುರ ಬೆರಳಿನ ಕೆಲಸ. ಹಾಗಾಗಿ ಅಪ್ಪನ ಪಾಠದಲ್ಲಿ ಒಂದಕ್ಕೂ ಸೊನ್ನೆಗೂ ಆ ಬೆರಳೇ ಯಜಮಾನ.

ಆದರೆ ದೊಡ್ಡ ಓ ಸುಮ್ಮನೆ ಬರುವುದಿಲ್ಲ. ಎಡಗೈಯ ಕಿರುಬೆರಳಿನಿಂದ ಷಿಫ್ಟ್ ಒತ್ತಬೇಕು. ಒತ್ತಿದರೆ ಆ ಹಳೇ ಮಷೀನಿನಲ್ಲಿ ಕಾಗದ ಸುತ್ತಿದ ರೋಲರು ಸಮೇತ ಇಡೀ ಕ್ಯಾರೇಜು ಮೇಲೇಳುತ್ತಿತ್ತು, ಬಿಟ್ಟರೆ ಕೆಳಗೆ ಕೂರುತ್ತಿತ್ತು. ಸೊನ್ನೆಗೆ ಹಾಗಾಗಿ ಬೇರೆಯೇ ಸದ್ದು. ಟಕ್, ಆಮೇಲೆ ಧಪ್. ಅಮ್ಮ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಲೇ ಹೇಳುತ್ತಿದ್ದಳು, "ಇವತ್ತು ಯಾರೋ ಬಿಲ್ ಪಾಠ ಮಾಡ್ತಿದಾರೆ, ಬರೀ ಸೊನ್ನೆ." ಎದ್ದು ಹೋಗಿ ನೋಡಿದರೆ ಹೌದಾಗಿರುತ್ತಿತ್ತು. ಅಮ್ಮ ಆ ಮಷೀನನ್ನು ಒರೆಸಿದ್ದಳೇ ಹೊರತು ಜೀವಮಾನದಲ್ಲಿ ಒಂದು ಅಕ್ಷರ ಹೊಡೆದವಳಲ್ಲ.

ನಾನು ಓದಿದ್ದು ಕಂಪ್ಯೂಟರ್ ಡಿಪ್ಲೊಮಾ. ಆಗ ಅದೇನೆಂದು ನೆಂಟರಿಗೆ ವಿವರಿಸುವುದೇ ಒಂದು ಕೆಲಸವಾಗಿತ್ತು. ವಿಕ್ರೋಳಿಯಲ್ಲಿ ಪಂಪು, ವಾಲ್ವು ಮಾಡುವ ಒಂದು ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿ ಪ್ರೋಗ್ರಾಮರ್ ಆಗಿ ಸೇರಿದ ಮೊದಲ ತಿಂಗಳೇ ನಾನು ಅಪ್ಪನ ಜೊತೆ ಜಗಳ ತೆಗೆದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು, ಈಗಲೂ ಬಹಳ ದೂರವೇನೂ ಹೋಗಿಲ್ಲ.

"ಅಪ್ಪ, ಈಗ ಬರೋ ಮಷೀನಲ್ಲೆಲ್ಲಾ ಸೊನ್ನೆ ಬೇರೆ ಇರುತ್ತೆ. ಬೇರೆ ಕ್ಲಾಸಲ್ಲೆಲ್ಲ ಹಾಗೇ ಹೇಳ್ಕೊಡ್ತಾರೆ. ನೀವೊಬ್ಬರೇ ಓ ಹೊಡಿಸ್ತಿದೀರ. ನಾಳೆ ಈ ಹುಡುಗೀರು ಕಂಪ್ಯೂಟರ್ ಮುಂದೆ ಕೂತಾಗ ಏನು ಗತಿ?"

ಅಪ್ಪ ರಿಬ್ಬನ್ ಸುತ್ತುತ್ತಿದ್ದರು. ಬೆರಳ ತುದಿಯೆಲ್ಲ ಕಪ್ಪು. "ನೋಡೋರಿಗೆ ಸೊನ್ನೆ ಥರ ಕಂಡರೆ ಅದು ಸೊನ್ನೆ ಕಣಮ್ಮ. ಓದೋರಿಗೆ ಗೊತ್ತಾಗುತ್ತೆ ಬಿಡು," ಎಂದರು.

"ಓದೋದು ಮನುಷ್ಯರಲ್ಲ ಅಪ್ಪ."

"ಮನುಷ್ಯರು ಓದದೆ ಇರೋದನ್ನ ಯಾಕಮ್ಮ ಟೈಪ್ ಮಾಡಬೇಕು?" ಎಂದು ಕೇಳಿ, ನಾನು ಉತ್ತರ ಹುಡುಕುವಷ್ಟರಲ್ಲಿ ರಿಬ್ಬನ್ ಸಿಕ್ಕಿಸಿ ಎದ್ದುಹೋದರು.

ಮರುವರ್ಷದ ಗಣಪತಿ ಹಬ್ಬದ ಹೊತ್ತಿಗೆ ಅಪ್ಪ ಇರಲಿಲ್ಲ. ಒಂದು ಬೆಳಿಗ್ಗೆ ಮೊದಲ ಬ್ಯಾಚಿನ ಹುಡುಗಿಯರು ಬರುವ ಮುಂಚೆ ಮಷೀನು ಒರೆಸುತ್ತಿದ್ದವರು ಎದೆ ಹಿಡಿದುಕೊಂಡು ಕುರ್ಚಿಯಲ್ಲಿ ಕೂತರು. ಆಸ್ಪತ್ರೆ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು. ಬಿಲ್ಡಿಂಗಿನ ಮೆಟ್ಟಿಲ ಮೇಲೆ ಆ ಹುಡುಗಿಯರು ಸಾಲಾಗಿ ಕೂತು ಅಳುತ್ತಿದ್ದರು. ನಾನು ಅಳಲಿಲ್ಲ. ಯಾರಿಗೆ ಫೋನು ಮಾಡಬೇಕು, ಯಾರು ಊರಿಗೆ ತಂತಿ ಕೊಡುತ್ತಾರೆ ಎಂದು ಓಡಾಡುತ್ತಿದ್ದೆ.

ಕೆಲವು ತಿಂಗಳ ಮೇಲೆ ಒಂದು ಸಂಜೆ ಆಫೀಸಿನಿಂದ ಬಂದರೆ ಮೇಜಿನ ಮೇಲೆ ಮಷೀನುಗಳಿಲ್ಲ. ಅಮ್ಮ ಎರಡನ್ನೂ ಹಳೇ ಸಾಮಾನು ಕೊಳ್ಳುವ ಭಂಗಾರ್‌ವಾಲಾನ ಗಾಡಿಗೆ ಹಾಕಿಸಿಬಿಟ್ಟಿದ್ದಳು. ನಾನು ಕೂಗಾಡಿದೆ. ಒಂದು ಮಾತು ಕೇಳಬಾರದಿತ್ತೇ ಎಂದೆ. ಅಮ್ಮ, "ಒರೆಸೋವಾಗ ಬಟ್ಟೆ ತಾಗಿ ಯಾವುದಾದರೊಂದು ಕೀಲಿ ಟಕ್ ಅನ್ನುತ್ತೆ. ನಾನು ತಲೆ ಎತ್ತಿ ನೋಡ್ತೀನಿ. ದಿನಾ ಹೀಗೇ ಆದ್ರೆ ನಾನು ಹೇಗೆ ಬದುಕಲಿ ಹೇಳು," ಎಂದಳು. ಆಮೇಲೆ ನಾನು ಆ ಮಾತೆತ್ತಲಿಲ್ಲ. ಮೇಜು ಮಾತ್ರ ಉಳಿಯಿತು. ಅದರ ಮೇಲೆ ಮಷೀನುಗಳ ರಬ್ಬರ್ ಕಾಲು ಕೂತಿದ್ದ ಕಡೆ ಗುಂಡನೆಯ ಕಪ್ಪು ಗುರುತುಗಳಿದ್ದವು. ಅಮ್ಮ ಅಲ್ಲಿ ಕೂತು ಅಕ್ಕಿ ಆರಿಸತೊಡಗಿದಳು. ಮಧ್ಯಾಹ್ನ ನಿದ್ದೆಯೇ ಬರುವುದಿಲ್ಲ, ಮನೆಯಲ್ಲಿ ಸದ್ದೇ ಇಲ್ಲವಲ್ಲ ಎನ್ನುತ್ತಿದ್ದಳು.

ಸದ್ದಿಗಾಗಿ ನಾನೂ ಹಂಬಲಿಸುತ್ತಿದ್ದೆ. ಭಾಂಡುಪ್ ಸ್ಟೇಷನ್ನಿನಿಂದ ಮನೆ ಕಡೆ ತಿರುಗುವ ಮೂಲೆಯಲ್ಲಿ ಮೊದಲೆಲ್ಲ ಆ ಟಕಟಕ ಕೇಳಿಸುತ್ತಿತ್ತು. ಅದು ಕೇಳಿಸಿತೆಂದರೆ ಅಪ್ಪ ಮನೆಯಲ್ಲಿದ್ದಾರೆ ಎಂದರ್ಥ. ಅಪ್ಪ ಹೋಗಿ ವರ್ಷವಾದ ಮೇಲೂ ಆ ಮೂಲೆಗೆ ಬಂದಾಗ ನನ್ನ ಹೆಜ್ಜೆ ನಿಧಾನವಾಗುತ್ತಿತ್ತು. ಏನೂ ಕೇಳಿಸುವುದಿಲ್ಲವೆಂದು ಗೊತ್ತಿದ್ದೂ ಕಿವಿಗೊಡುತ್ತಿದ್ದೆ.

ಆ ಹೊತ್ತಿಗೆ ನಮ್ಮ ಕಾರ್ಖಾನೆಯ ಸ್ಟೋರ್ಸ್ ಲೆಕ್ಕವನ್ನೆಲ್ಲ ಕಂಪ್ಯೂಟರಿಗೆ ಹಾಕುವ ಕೆಲಸ ಶುರುವಾಗಿತ್ತು. ನಮ್ಮ ವಿಭಾಗಕ್ಕೆ ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕಿತ್ತು. ಮಷೀನಿಗೆ ಧೂಳಾಗದು, ಬಿಸಿಲಾಗದು. ಅದಕ್ಕೋಸ್ಕರ ಹಾಕಿದ ಏಸಿಯಲ್ಲಿ ನಾವು ಶಾಲು ಹೊದ್ದು ನಡುಗುತ್ತ ಕೂತಿರುತ್ತಿದ್ದೆವು. ಎಂಟ್ರಿ ಕೆಲಸಕ್ಕೆ ಆಫೀಸಿನ ಟೈಪಿಸ್ಟುಗಳನ್ನೇ ಆರಿಸಿ ತಂದಿದ್ದರು. ಒಂದೊಂದು ಬಿಡಿಭಾಗಕ್ಕೂ ಒಂದು ಕೋಡು. ಮೊದಲು ಎರಡು ಇಂಗ್ಲಿಷ್ ಅಕ್ಷರ, ಆಮೇಲೆ ಬರೀ ಅಂಕಿ. ಹಸಿರು ಅಕ್ಷರದ ಪರದೆಯ ಮುಂದೆ ಕೂತು ದಿನವಿಡೀ ಆ ಕೋಡುಗಳನ್ನು ಹೊಡೆಯುವುದು ಅವರ ಕೆಲಸ.

ಒಂದು ದಿನ ಸ್ಟೋರ್‌ಕೀಪರು ಚಪ್ಪಲಿ ಬಿಟ್ಟು, ತಲೆಯ ಮೇಲಿನ ಬಿಳಿ ಟೋಪಿ ಸರಿಮಾಡಿಕೊಂಡು ಒಳಗೆ ಬಂದರು. ವಿಜಾಪುರದ ಕಡೆಯವರು, ಅಪ್ಪನ ವಯಸ್ಸು. ಮನೆಯಲ್ಲಿ ದಖ್ಖನಿ ಉರ್ದು, ನನ್ನ ಹತ್ತಿರ ತಮ್ಮೂರಿನ ಕನ್ನಡ. ನೇರ ನನ್ನ ಮೇಜಿಗೆ ಬಂದು ಹೇಳಿದರು, "ನೋಡ್ರಿ ಮೇಡಂ, ನಿಮ್ಮ ಮಷೀನು ಗ್ಯಾಸ್ಕೆಟ್ ಇಲ್ಲ ಅಂತೈತಿ. ನಾ ಗ್ಯಾಸ್ಕೆಟ್ ಪೆಟ್ಟಿಗಿ ಮ್ಯಾಲೆನ ಕುಂತು ಚಾ ಕುಡದು ಬಂದೀನಿ. ಈಗ ನಾ ಸುಳ್ಳೋ, ಅದು ಸುಳ್ಳೋ ನೀವ ಹೇಳ್ರಿ."

ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. ರ್‍ಯಾಕಿನಲ್ಲಿ ಮಾಲು ತುಂಬಿದ್ದರೂ ಕಂಪ್ಯೂಟರು ಇಲ್ಲವೆಂದು ಹೇಳಿ, ಪರ್ಚೇಸಿನವರು ಅದೇ ಮಾಲನ್ನು ಮತ್ತೆ ತರಿಸಿ, ಇಡಲು ಜಾಗವಿಲ್ಲದೆ ಅವರ ತಲೆ ಕೆಟ್ಟುಹೋಗಿತ್ತು. ಗ್ಯಾಸ್ಕೆಟ್ ಒಂದೇ ಅಲ್ಲ, ಬೋಲ್ಟು, ವಾಷರು, ಸೀಲು ಎಲ್ಲದರ ಕಥೆಯೂ ಹೀಗೇ ಇತ್ತು.

ಪರದೆಯ ಮೇಲೆ ಕೋಡು ಹುಡುಕಿದೆ. ಮಷೀನು ಇಲ್ಲವೆಂದಿತು. ಪೂರಾ ಪಟ್ಟಿ ಪ್ರಿಂಟ್ ಹಾಕಿಸಿ ಕಣ್ಣಲ್ಲಿ ನೋಡಿದೆ. ಅದೇ ಕೋಡು ಅಲ್ಲೇ ಇತ್ತು. ನಾನು ಹುಡುಕಿದ್ದೂ ಅಲ್ಲಿದ್ದದ್ದೂ ಒಂದೇ ಥರ ಕಾಣುತ್ತಿದ್ದವು, ಕಂಪ್ಯೂಟರು ಮಾತ್ರ ಬೇರೆ ಬೇರೆ ಎನ್ನುತ್ತಿತ್ತು. ಎರಡು ದಿನ ನನ್ನ ಪ್ರೋಗ್ರಾಮನ್ನೇ ಹಿಂದುಮುಂದಾಗಿ ಓದಿದೆ. ಊಟದ ಡಬ್ಬಿ ಮುಚ್ಚಿದ್ದು ಮುಚ್ಚಿದ ಹಾಗೇ ಮನೆಗೆ ವಾಪಸ್ಸಾಯಿತು, ಅಮ್ಮನಿಂದ ಬೈಸಿಕೊಂಡೆ.

ಮೂರನೆಯ ದಿನ ಬೇರೆ ದಾರಿ ಹಿಡಿದೆ. ಕಂಪ್ಯೂಟರಿನೊಳಗೆ ಪ್ರತಿ ಅಕ್ಷರಕ್ಕೂ ಪ್ರತಿ ಅಂಕಿಗೂ ಒಂದೊಂದು ಗುರುತಿನ ಸಂಖ್ಯೆ ಇರುತ್ತದೆ. ಕಣ್ಣಿಗೆ ಕಾಣುವ ಆಕಾರ ಅದಕ್ಕೆ ಲೆಕ್ಕಕ್ಕೇ ಇಲ್ಲ. ಆ ಕೋಡಿನ ಒಳಸಂಖ್ಯೆಗಳನ್ನು ತೆಗೆದು ನೋಡಿದೆ. ಸೊನ್ನೆ ಇರಬೇಕಾದ ಜಾಗದಲ್ಲಿ ದೊಡ್ಡ ಓ ಇತ್ತು. ಇನ್ನೊಂದು ಕೋಡು ನೋಡಿದೆ, ಅಲ್ಲೂ ಓ. ಮತ್ತೊಂದರಲ್ಲೂ ಅದೇ. ನಾನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕೂತೆ.

ಒಂದರ ಬದಲು ಎಲ್ ಹೊಡೆಯುವ ಅಭ್ಯಾಸ ಹಳೇ ಟೈಪಿಸ್ಟುಗಳಲ್ಲಿ ಬಹಳ ಜನಕ್ಕಿತ್ತು. ಆದರೆ ನಮ್ಮ ಪರದೆಯಲ್ಲಿ ದೊಡ್ಡ ಅಕ್ಷರಗಳಷ್ಟೇ ಬರುತ್ತಿದ್ದವು. ಎಲ್ ಹೊಡೆದರೆ ಬಡಗಿಯ ಮೂಲೆಮಟ್ಟದಂಥ ದೊಡ್ಡ ಎಲ್ ಎದುರಿಗೇ ಕಾಣುತ್ತಿತ್ತು. ಹಾಗಾಗಿ ಅದನ್ನು ಎಲ್ಲರೂ ಮೊದಲ ವಾರದಲ್ಲೇ ತಿದ್ದಿಕೊಂಡಿದ್ದರು. ಓ ಹಾಗಲ್ಲ. ಅದು ಪರದೆಯಲ್ಲೂ ಸೊನ್ನೆಯಂತೆಯೇ ಕಾಣುತ್ತಿತ್ತು. ಬೇರೆ ಕ್ಲಾಸುಗಳಲ್ಲಿ ಕಲಿತವರಿಗೆ ಸೊನ್ನೆಯ ಕೀಲಿ ಗೊತ್ತಿತ್ತು. ಸೊನ್ನೆಗೆ ಓ ಹೊಡೆಯುವ ಕ್ಲಾಸು ಈ ಕಡೆಯಲ್ಲೆಲ್ಲ ನನಗೆ ತಿಳಿದಂತೆ ಒಂದೇ ಒಂದು.

ಪ್ರತಿ ಎಂಟ್ರಿಯ ಜೊತೆಗೂ ಅದನ್ನು ಹೊಡೆದವರ ನಂಬರು ಇರುತ್ತಿತ್ತು. ತೆಗೆದು ನೋಡುವ ಮುಂಚೆಯೇ ನನಗೆ ಗೊತ್ತಾಗಿತ್ತು. ಮೂವರು. ಮೂವರೂ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ, ಅಪ್ಪನ ಕರವಸ್ತ್ರದ ಕೆಳಗೆ ಕಲಿತವರು.

ಎದ್ದು ಹೋಗಿ ಅವರಲ್ಲಿ ಕಿರಿಯವಳ ಹಿಂದೆ ನಿಂತೆ. ಅವಳ ತಂದೆ ತಾಯಿ ಗುಲ್ಬರ್ಗಾ ಕಡೆಯವರು, ಇವಳು ಹುಟ್ಟಿ ಬೆಳೆದದ್ದೆಲ್ಲ ಭಾಂಡುಪ್‌ನ ಚಾಳಿನಲ್ಲಿ. ನಾನು ನಿಂತದ್ದು ಅವಳಿಗೆ ತಿಳಿಯಲಿಲ್ಲ. ಕೋಡಿನಲ್ಲಿ ಸೊನ್ನೆ ಬಂತು. ಅವಳ ಎಡಗೈಯ ಕಿರುಬೆರಳು ಷಿಫ್ಟ್ ಒತ್ತಿತು. ಆ ಪರದೆಗೆ ಷಿಫ್ಟ್ ಬೇಕೇ ಇರಲಿಲ್ಲ. ಬಲಗೈಯ ಉಂಗುರ ಬೆರಳು ಮೇಲೆದ್ದು ಓ ಹೊಡೆಯಿತು. ಆಮೇಲೆ ಎರಡೂ ಕೈ ಒಂದು ಗಳಿಗೆ ಸುಮ್ಮನೆ ನಿಂತವು. ಯಾಕೆ ನಿಂತವೆಂದು ಆ ಕೋಣೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಕ್ಯಾರೇಜು ಕೆಳಗೆ ಕೂರಲಿ ಎಂದು ಕಾಯುತ್ತಿದ್ದವು. ಇಲ್ಲಿ ಕ್ಯಾರೇಜೇ ಇಲ್ಲ, ಧಪ್ ಎನ್ನುವ ಸದ್ದೂ ಇಲ್ಲ, ಆದರೂ ಆ ಕೈಗಳು ಕಾದು, ಆಮೇಲೆ ಬೆರಳುಗಳು ಒಂದೊಂದಾಗಿ ಮನೆಗೆ ಬಂದವು.

ನನಗೆ ಅಪ್ಪ ಬೇಕೆನಿಸಿತು. ತಡೆದುಕೊಳ್ಳಲಾರದಷ್ಟು ಬೇಕೆನಿಸಿತು. ಅವರು ಸತ್ತ ದಿನ ಬಾರದ ಅಳು ಆಗ ಬಂತು. ಚಪ್ಪಲಿಯನ್ನೂ ಹಾಕಿಕೊಳ್ಳದೆ ಹೊರಗೆ ಹೋಗಿ ಮೆಟ್ಟಿಲ ಹತ್ತಿರ ನಿಂತು ಅತ್ತೆ.

ನಮ್ಮ ಮ್ಯಾನೇಜರು ಮಂಗಳೂರಿನ ಕಡೆಯವರು. ಮನಸ್ಸು ಸರಿಯಿದ್ದರೆ ನನ್ನ ಹತ್ತಿರ ಕನ್ನಡ, ಸಿಟ್ಟಿದ್ದರೆ ಇಂಗ್ಲಿಷ್. ನಾನು ಕಂಡುಹಿಡಿದದ್ದನ್ನು ಹೇಳಿದಾಗ ಮೊದಲು ಕನ್ನಡದಲ್ಲೇ ಶುರುಮಾಡಿದರು. "ಎಂಥ ಮಾರಾಯ್ತಿ ಇದು, ಮೂರು ಜನರಿಂದ ಇಡೀ ಸ್ಟೋರ್ಸ್ ತಲೆಕೆಳಗಾ?" ಆಮೇಲೆ ಇಂಗ್ಲಿಷಿಗೆ ಇಳಿದು, ಮೂವರನ್ನೂ ವಾಪಸ್ ಟೈಪಿಂಗ್ ವಿಭಾಗಕ್ಕೆ ಕಳಿಸಿ, ಅವರ ಜಾಗಕ್ಕೆ ಹೊಸಬರನ್ನು ತರುವುದಾಗಿ ಹೇಳಿದರು.

ಟೈಪಿಂಗ್ ವಿಭಾಗವನ್ನು ಮುಚ್ಚುತ್ತಾರೆಂಬ ಸುದ್ದಿ ಕ್ಯಾಂಟೀನಿನಲ್ಲೆಲ್ಲ ಹಬ್ಬಿತ್ತು. ಅಲ್ಲಿಗೆ ವಾಪಸ್ ಹೋಗುವುದೆಂದರೆ ಇವತ್ತಲ್ಲದಿದ್ದರೆ ನಾಳೆ ಮನೆಗೆ ಹೋಗುವುದೆಂದೇ ಅರ್ಥ.

"ತಪ್ಪು ಅವರದ್ದಲ್ಲ ಸರ್," ಎಂದೆ. "ಅವರಿಗೆ ಕಲಿಸಿದವರು ನಮ್ಮ ತಂದೆ. ಮಷೀನಲ್ಲಿ ಸೊನ್ನೆ ಇರಲಿಲ್ಲ, ಇದ್ದ ಮಷೀನಲ್ಲಿ ಕಲಿಸಿದರು. ಕಳಿಸೋದಾದ್ರೆ ನನ್ನನ್ನೂ ಕಳಿಸಿ, ನಾನೂ ಅಲ್ಲೇ ಕಲಿತವಳು."

ಅಪ್ಪ ಹೋದಾಗ ರಜೆ ಕೊಟ್ಟವರು ಇದೇ ಮ್ಯಾನೇಜರು. ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕುತ್ತ ಕೂತರು. ಮತ್ತೆ ಕನ್ನಡಕ್ಕೆ ಬಂದರು. "ನಿಮ್ಮ ತಂದೆಯವರಾ. ಸರಿ, ಎಂಥ ಮಾಡುವ ಈಗ, ನೀವೇ ಹೇಳಿ."

ಎಂಟ್ರಿ ಪರದೆಯ ಪ್ರೋಗ್ರಾಮು ಹೊರಗಿನ ಕಂಪನಿಯವರು ಬರೆದುಕೊಟ್ಟದ್ದು, ಅದನ್ನು ನಾವು ಮುಟ್ಟುವ ಹಾಗಿರಲಿಲ್ಲ. ಹಾಗಾಗಿ ನಾನೊಂದು ಚಿಕ್ಕ ಪ್ರೋಗ್ರಾಮು ಬರೆಯುತ್ತೇನೆಂದೆ. ಎಂಟ್ರಿಯಾದದ್ದೆಲ್ಲ ಲೆಕ್ಕಕ್ಕೆ ಸೇರುವ ಮೊದಲು ಅದರ ಕೈ ದಾಟಿ ಹೋಗಬೇಕು. ಅಂಕಿಯ ಜಾಗದಲ್ಲಿ ಓ ಕಂಡರೆ ಅದು ಸೊನ್ನೆಯೆಂದು ತಿದ್ದಬೇಕು. ಓದುವವರಿಗೆ ಗೊತ್ತಾಗುತ್ತದೆ ಎಂದು ಅಪ್ಪ ಹೇಳಿದ್ದರಲ್ಲ, ಆ ಓದುವವರ ಕೆಲಸವನ್ನೇ ನಾನು ಕಂಪ್ಯೂಟರಿಗೆ ಹೇಳಿಕೊಡಹೊರಟಿದ್ದೆ.

ಮ್ಯಾನೇಜರು ಒಪ್ಪಿದರು, ಆದರೆ ಪುಕ್ಕಟೆಯಾಗಿ ಅಲ್ಲ. "ತಿಂಗಳು ತಿಂಗಳು ಎಷ್ಟು ತಿದ್ದಿದ್ದು ಅಂತ ನನ್ನ ಟೇಬಲಿಗೆ ಬರಬೇಕು. ಅದು ಇಳಿಯುತ್ತಾ ಹೋಗಬೇಕು. ಸೊನ್ನೆಗೆ ಬಂದ ದಿನ ನಿಮ್ಮ ಪ್ರೋಗ್ರಾಮು ತೆಗೆದುಹಾಕುವ. ಅಲ್ಲಿವರೆಗೆ ಅವರು ಇಲ್ಲೇ ಇರಲಿ. ಇಳಿಯದಿದ್ದರೆ ಮಾತ್ರ ನನ್ನ ಹತ್ತಿರ ಬರಬೇಡಿ. ಕಲಿಸುವುದು ನೀವೇ."

ಹೊರಗೆ ಬಂದ ಮೇಲೆ ನನಗೆ ಆ ಮಾತಿನ ತೂಕ ತಿಳಿಯಿತು. ಆ ಮೂವರ ಕುರ್ಚಿ ಉಳಿಯಬೇಕಾದರೆ ಅವರ ಬೆರಳುಗಳಿಂದ ಅಪ್ಪನನ್ನು ನಾನೇ ತೆಗೆಯಬೇಕಿತ್ತು. ಮಷೀನುಗಳು ಹೋಗಿದ್ದವು, ಸದ್ದು ಹೋಗಿತ್ತು. ಅಪ್ಪ ಕಲಿಸಿದ್ದು ಇನ್ನೂ ಜೀವಂತವಾಗಿ ಉಳಿದಿದ್ದ ಜಾಗ ನನ್ನ ಕಣ್ಣೆದುರಿಗೆ ಇದೊಂದೇ.

ಕಲಿಸಿದೆ. ಮಧ್ಯಾಹ್ನ ಊಟ ಬೇಗ ಮುಗಿಸಿ ಮೂವರನ್ನೂ ಕೂರಿಸಿಕೊಳ್ಳುತ್ತಿದ್ದೆ. ಸೊನ್ನೆ ಮೇಲಿನ ಸಾಲಿನ ಕೊನೆಯಲ್ಲಿದೆ, ಅದು ಬಲಗೈಯ ಕಿರುಬೆರಳಿನ ಕೆಲಸ ಎಂದು ಹೇಳಿ ನೂರು ಸಲ ಹೊಡೆಸುತ್ತಿದ್ದೆ. ಅವರು ಕೀಲಿ ನೋಡಿಕೊಂಡು ಸರಿಯಾಗಿ ಹೊಡೆಯುತ್ತಿದ್ದರು, ನೋಡುವುದು ಬಿಟ್ಟ ಕೂಡಲೇ ಉಂಗುರ ಬೆರಳು ಏಳುತ್ತಿತ್ತು. ಒಂದು ದಿನ ತಾಳ್ಮೆ ಕೆಟ್ಟು, ಹೊದ್ದಿದ್ದ ಶಾಲಿನ ತುದಿಯೆಳೆದು ಕಿರಿಯವಳ ಕೈಗಳ ಮೇಲೆ ಹೊದಿಸಿದೆ. ಹೊದಿಸಿ, ಯೋಚಿಸದೆ ಬಾಯಿಂದ ಬಂದದ್ದು, "ಬೆರಳು ಮನೆಗೆ."

ಮೂವರೂ ತಲೆಯೆತ್ತಿ ನನ್ನನ್ನು ನೋಡಿದರು. ಕಿರಿಯವಳ ಕಣ್ಣು ತುಂಬಿತ್ತು. "ಅಕ್ಕಾ, ನಾ ಕ್ಯಾ ಕರೂ, ಬೆರಳು ಅಪ್ನೇ ಆಪ್, ತಾನಾಗೇ ಹೋಗ್ತದ," ಎಂದಳು. "ಸರ್ ಹಿಂದೆ ನಿಂತಾರ ಅನಿಸ್ತದ. ಶಾಲು ಹಾಕಿದ್ರ ಔರ್ ಜಾಸ್ತಿ ಅನಿಸ್ತದ."

"ನನಗೂ ಅನಿಸುತ್ತೆ," ಎಂದೆ. "ಆದರೂ ಕಿರುಬೆರಳಲ್ಲೇ ಹೊಡಿ."

ಹಿರಿಯರಿಬ್ಬರು ಬೇಗ ತಿದ್ದಿಕೊಂಡರು. ತಿಂಗಳ ಕೊನೆಯ ಲೆಕ್ಕ ಇಳಿಯಿತು, ಇನ್ನೊಂದು ತಿಂಗಳಿಗೆ ಇನ್ನೂ ಇಳಿಯಿತು. ಸ್ಟೋರ್‌ಕೀಪರು ಬಂದು, "ಈಗ ನಿಮ್ಮ ಮಷೀನು ನನ್ನ ಮಾತು ಕೇಳಾಕತ್ತೈತ್ರಿ," ಎಂದು ಎಲ್ಲರಿಗೂ ಚಹಾ ಹೇಳಿದರು. ಮ್ಯಾನೇಜರು ಕನ್ನಡವನ್ನೇ ಮಾತಾಡುತ್ತಿದ್ದರು. ಎಲ್ಲರಿಗೂ ಒಳ್ಳೆಯದೇ ಆಗುತ್ತಿತ್ತು. ನಾನೂ ಎಲ್ಲರ ಜೊತೆ ನಗುತ್ತಿದ್ದೆ.

ಆದರೆ ತಿಂಗಳ ಕೊನೆಗೆ ಪ್ರಿಂಟರಿನ ಮುಂದೆ ನಿಂತಾಗ ನನಗೆ ಬೇರೆಯೇ ಆಸೆ. ಕಾಗದ ಮೇಲೆ ಬರುತ್ತಿದ್ದಂತೆ ಕಣ್ಣು ಮೊದಲು ಓಡುವುದು ಕೊನೆಯ ಸಾಲಿಗೆ. ಎಷ್ಟು ಓ ಬಂದಿವೆಯೋ ಅಷ್ಟು ಸಲ ಆ ತಿಂಗಳು ಅಪ್ಪ ಈ ಕೋಣೆಗೆ ಬಂದುಹೋಗಿದ್ದಾರೆ ಎಂದುಕೊಳ್ಳುತ್ತಿದ್ದೆ. ಹುಚ್ಚು ಎಂದರೆ ಹುಚ್ಚೇ. ಮೂವರಲ್ಲಿ ಕಿರಿಯವಳೇ ಕೊನೆಗೆ ಉಳಿದದ್ದು. ಊರಿನಿಂದ ಬೇಸರದ ಸುದ್ದಿ ಬಂದ ದಿನ, ಲೋಕಲ್ ರೈಲು ತಡವಾಗಿ ಓಡಿಬಂದ ದಿನ, ಅವಳ ಮನಸ್ಸು ಎಲ್ಲೋ ಇರುತ್ತಿತ್ತು, ಬೆರಳು ಹಳೇ ದಾರಿ ಹಿಡಿಯುತ್ತಿತ್ತು. ಆ ದಿನಗಳ ಓಗಳನ್ನು ನಾನು ಪ್ರಿಂಟಿನಲ್ಲಿ ಹುಡುಕಿ ನೋಡುತ್ತಿದ್ದೆ. ಮರುದಿನ ಮಧ್ಯಾಹ್ನ ಮತ್ತೆ ಅವಳ ಪಕ್ಕ ಕೂತು ಕಿರುಬೆರಳಿನ ಪಾಠ ಮಾಡುತ್ತಿದ್ದೆ. ಪಾಠದಲ್ಲಿ ಒಂದು ದಿನವೂ ನಾನು ಮೋಸ ಮಾಡಲಿಲ್ಲ. ಅಪ್ಪನ ಮಗಳಾಗಿ ಅದೊಂದು ಸಾಧ್ಯವಿರಲಿಲ್ಲ.

ಅಷ್ಟರಲ್ಲಿ ಹೊಸ ಪ್ರಿಂಟರು ಬಂತು. ಅದು ಸೊನ್ನೆಯ ಹೊಟ್ಟೆಗೆ ಅಡ್ಡ ಒಂದು ಗೀಟು ಹಾಕಿಯೇ ಅಚ್ಚು ಹಾಕುತ್ತಿತ್ತು, ಓ ಎಂದು ಯಾರೂ ತಪ್ಪು ತಿಳಿಯಬಾರದೆಂದು. ಒಂದು ತಿಂಗಳ ಕೊನೆಗೆ ಆ ಪ್ರಿಂಟರಿನಿಂದ ಕಾಗದ ಹೊರಬಂತು. ತಿದ್ದಿದ್ದು ಎಂಬುದರ ಮುಂದೆ ಒಂದೇ ಒಂದು ಸೊನ್ನೆ. ಗೀಟು ಹಾಕಿದ ಸೊನ್ನೆ.

ಕಿರಿಯವಳು ನನ್ನ ಭುಜದ ಹಿಂದಿನಿಂದ ಇಣುಕಿ ನೋಡಿದಳು. "ಅಕ್ಕಾ, ಜೀರೋ," ಎಂದಳು. ಮಧ್ಯಾಹ್ನ ಎಲ್ಲರಿಗೂ ಪೇಡಾ ತಂದು ಹಂಚಿದಳು. ಅವಳ ಕುರ್ಚಿ ಭದ್ರವಾಗಿತ್ತು. ಅದಕ್ಕಾಗಿ ನಾನು ಇಷ್ಟು ತಿಂಗಳು ದುಡಿದಿದ್ದೆ. ಮ್ಯಾನೇಜರು ಪೇಡಾ ಬಾಯಿಗೆ ಹಾಕಿಕೊಂಡು, "ಇನ್ನು ಆ ಪ್ರೋಗ್ರಾಮು ತೆಗೆದುಬಿಡುವ, ಅಲ್ವಾ?" ಎಂದರು. ಆ ಸಂಜೆಯೇ ತೆಗೆದುಹಾಕಿದೆ. ಕೆಲವೇ ಸಾಲುಗಳಿದ್ದವು, ಅಳಿಸಲು ಹೊತ್ತೇನೂ ಹಿಡಿಯಲಿಲ್ಲ.

ವಿಕ್ರೋಳಿಯಲ್ಲಿ ಹತ್ತಿ, ಭಾಂಡುಪ್‌ನಲ್ಲಿ ಇಳಿದು, ಆ ಮೂಲೆಗೆ ಬಂದಾಗ ಈ ಸಲ ನಾನು ನಿಧಾನಿಸಲಿಲ್ಲ. ಬೇಗ ಬೇಗ ನಡೆದು ಮನೆ ಸೇರಿದೆ. ಅಮ್ಮ ಮುಂದಿನ ಕೋಣೆಯ ಮೇಜಿನ ಮುಂದೆ ಅಕ್ಕಿ ಆರಿಸುತ್ತ ಕೂತಿದ್ದಳು. ನನ್ನ ಮುಖ ನೋಡಿ, "ಏನೇ, ಮೈ ಸರಿಯಿಲ್ವಾ?" ಎಂದು ಕೇಳಿದಳು.

ಇಷ್ಟು ದಿನ ಅಮ್ಮನಿಗೆ ನಾನು ಏನೂ ಹೇಳಿರಲಿಲ್ಲ. ಅವತ್ತು ಮೊದಲಿನಿಂದ ಎಲ್ಲ ಹೇಳಿದೆ. ಗ್ಯಾಸ್ಕೆಟ್, ಓ, ಮೂವರು ಹುಡುಗಿಯರು, ನನ್ನ ಪಾಠ. ಆ ಹುಡುಗಿ ಷಿಫ್ಟ್ ಒತ್ತಿ, ಇಲ್ಲದ ಕ್ಯಾರೇಜಿಗೆ ಕಾದದ್ದನ್ನೂ ಹೇಳಿದೆ. ಅಮ್ಮ ಅಕ್ಕಿಯಿಂದ ಕಣ್ಣೆತ್ತದೆ ಕೇಳುತ್ತಿದ್ದಳು.

"ಹಾಗಾದ್ರೆ ಇನ್ನು ನಿಮ್ಮಪ್ಪನ ಹಾಗೆ ಹೊಡೆಯೋರು ಯಾರೂ ಇಲ್ಲ," ಎಂದಳು.

"ಇಲ್ಲಮ್ಮ."

"ನೀನು?"

"ನಾನು ಆಫೀಸು ಸೇರಿದಾಗಲೇ ಬಿಟ್ಟೆ."

ಅಮ್ಮ ಅಕ್ಕಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಸೆರಗಿಗೆ ಕೈ ಒರೆಸಿಕೊಂಡಳು. ಮೇಜಿನ ಮೇಲೆ ಆ ಕಪ್ಪು ಗುರುತುಗಳ ನಡುವೆ, ಮಷೀನು ಇರುತ್ತಿದ್ದ ಜಾಗದಲ್ಲಿ ಎರಡೂ ಕೈ ಇಟ್ಟಳು. ಬಲಗೈಯ ಉಂಗುರ ಬೆರಳಿನಿಂದ ಮರದ ಮೇಲೆ ಟಕ್ ಎಂದು ಬಡಿದು, ಸರಿಯಾಗಿ ಅಷ್ಟೇ ಹೊತ್ತು ಬಿಟ್ಟು, ಎಡ ಅಂಗೈಯನ್ನು ಧಪ್ ಎಂದು ಕೆಳಗಿಟ್ಟಳು. ಮೇಜು ಅದುರಿತು, ತಟ್ಟೆಯ ಅಂಚಿನ ಅಕ್ಕಿ ಕದಲಿತು.

"ಹೀಗೆ ತಾನೆ?" ಎಂದು ಕೇಳಿದಳು.

"ಇನ್ನೊಂದು ಸಲ ಹೊಡಿಯಮ್ಮ," ಎಂದೆ.